ಕೊಕ್ಕೊದ ಸುಸ್ಥಿರ ಖರೀದಿ

ಕೊಕ್ಕೊದ ಸುಸ್ಥಿರ ಖರೀದಿ ಎಂದರೆ ಚಾಕೊಲೇಟ್ ಮತ್ತಿತರ ತಿನಿಸು ತಯಾರಿಸುವ ಕಂಪನಿಗಳು ತಮಗೆ ಬೇಕಾದ ಕೊಕ್ಕೊ ಬೀಜವನ್ನು, ಅದು ಯಾವ ತೋಟದ್ದೆಂದು ತಿಳಿದು, ಬೆಳೆಗಾರನ ಸಂಸಾರ ನಡೆಯುವಂಥ ಬೆಲೆ ಕೊಟ್ಟು, ಕಾಡು ಕಡಿಯದೆ, ಮಕ್ಕಳನ್ನು ದುಡಿಸದೆ ಬೆಳೆದದ್ದೆಂದು ಖಚಿತಪಡಿಸಿಕೊಂಡು ಕೊಳ್ಳುವ ವ್ಯವಸ್ಥೆ. ಕಾಫಿ, ಚಹಾ, ತಾಳೆ ಎಣ್ಣೆ, ವೆನಿಲಾ ಮುಂತಾದ ಬೆಳೆಗಳಲ್ಲೂ ಇಂಥ ಖರೀದಿ ಇದೆ. ಬೆಳೆಯುವವರು ಮತ್ತು ತಿನ್ನುವವರ ನಡುವಿನ ದೂರ ಕೊಕ್ಕೊದಲ್ಲಿ ಬಹಳ ದೊಡ್ಡದು. ಪಶ್ಚಿಮ ಆಫ್ರಿಕದಲ್ಲಿ ಮರ ನೆಟ್ಟವರಲ್ಲಿ ಎಷ್ಟೋ ಮಂದಿ ಚಾಕೊಲೇಟಿನ ರುಚಿಯನ್ನೇ ನೋಡಿದವರಲ್ಲ. ಈ ಕಾರಣದಿಂದ ಖರೀದಿಯ ನೀತಿ ಕುರಿತ ಚರ್ಚೆ ಮೊದಲು ತೀವ್ರವಾದ ಬೆಳೆಗಳಲ್ಲಿ ಕೊಕ್ಕೊ ಒಂದು.

ಪದಗಳು

ಕನ್ನಡದ ಪುಸ್ತಕಗಳಲ್ಲಿ ಕೋಕೋ ಎಂಬ ಬರಹವೂ ಇದೆ. ದಕ್ಷಿಣ ಕನ್ನಡದ ತೋಟಗಳಲ್ಲಿ, ಸಹಕಾರ ಸಂಘದ ದರಪಟ್ಟಿಯಲ್ಲಿ ಕೊಕ್ಕೊ ಎಂದೇ ರೂಢಿಯಾದ್ದರಿಂದ ಇಲ್ಲಿ ಮರಕ್ಕೂ ಬೀಜಕ್ಕೂ ಆ ಹೆಸರನ್ನೇ ಬಳಸಿದೆ. ಕಾಯಿ ಒಡೆದು ತೆಗೆದ, ಬಿಳಿ ತಿರುಳು ಅಂಟಿಕೊಂಡಿರುವ ಬೀಜ ಹಸಿ ಬೀಜ. ಹುದುಗಿಸಿ ಒಣಗಿಸಿದ್ದು ಒಣ ಬೀಜ. ಸುಮಾರು ಮೂರು ಕಿಲೋ ಹಸಿ ಬೀಜದಿಂದ ಒಂದು ಕಿಲೋ ಒಣ ಬೀಜ ಸಿಗುತ್ತದೆ. ಬೀಜ ಯಾವ ತೋಟದಿಂದ ಬಂತೆಂದು ಹಿಂದಕ್ಕೆ ಹೋಗಿ ಗುರುತಿಸುವುದು ಮೂಲಪತ್ತೆ. ಒಂದು ಕುಟುಂಬ ಊಟ, ಮನೆ, ಶಾಲೆ, ಔಷಧದ ಖರ್ಚು ತೂಗಿಸಿ ಕಷ್ಟಕಾಲಕ್ಕೂ ಅಲ್ಪ ಉಳಿಸಿಕೊಳ್ಳುವಷ್ಟು ಗಳಿಕೆಗೆ ಜೀವನಯೋಗ್ಯ ಆದಾಯ ಎನ್ನುತ್ತಾರೆ. ಇದು ಕನಿಷ್ಠ ಕೂಲಿಯಲ್ಲ. ಕೂಲಿ ದುಡಿಯುವವನಿಗೆ ಸಂಬಂಧಿಸಿದ್ದು, ಜೀವನಯೋಗ್ಯ ಆದಾಯ ಸ್ವಂತ ಹಿಡುವಳಿ ಇರುವವನಿಗೆ ಸಂಬಂಧಿಸಿದ್ದು. ಮಾರುಕಟ್ಟೆ ದರದ ಮೇಲೆ ಬೆಳೆಗಾರರ ಸಂಘಕ್ಕೆ ಕೊಡುವ ಹೆಚ್ಚುವರಿ ಮೊತ್ತ ಅಧಿಕಧನ.

ಬೆಳೆ ಮತ್ತು ಬೆಳೆಗಾರರು

ಕೊಕ್ಕೊ ಅಮೆಜಾನ್ ನದಿಯ ಮೇಲ್ದಂಡೆಯ ಕಾಡಿನ ಮರ. ದೊಡ್ಡ ಮರಗಳ ನೆರಳಿನಲ್ಲಿ ಬೆಳೆಯುವ ಸ್ವಭಾವದ್ದು. ನೆಟ್ಟ ಮೂರು ನಾಲ್ಕು ವರ್ಷಕ್ಕೆ ಫಲ ಕೊಡಲು ತೊಡಗುತ್ತದೆ. ಕಾಯಿಯೊಂದರಲ್ಲಿ ಸಾಮಾನ್ಯವಾಗಿ 30ರಿಂದ 45 ಬೀಜ. ಹಸಿ ಬೀಜವನ್ನು ಐದಾರು ದಿನ ಹುದುಗಿಸಿದಾಗಲೇ ಚಾಕೊಲೇಟಿನ ಪರಿಮಳಕ್ಕೆ ಬೇಕಾದ ಬದಲಾವಣೆ ಬೀಜದೊಳಗೆ ಆಗುವುದು. ಹೀಗೆ ರುಚಿಯ ಮೊದಲ ಅರ್ಧ ಕೆಲಸ ಕಾರ್ಖಾನೆಗಿಂತ ಬಹಳ ಮುಂಚೆ, ಬೆಳೆಗಾರನ ಅಂಗಳದಲ್ಲಿ ಆಗಿಬಿಡುತ್ತದೆ. ಖರೀದಿಯ ನೀತಿಯನ್ನು ಅರಿಯಲು ಈ ಒಂದು ಸಂಗತಿ ಬಹಳ ಮುಖ್ಯ: ಕೊಳ್ಳುವವನಿಗೆ ಒಳ್ಳೆಯ ಬೀಜ ಬೇಕಿದ್ದರೆ ಬೆಳೆಗಾರನ ಗಮನವೂ ಬಿಡುವೂ ಬೇಕು, ಅದಕ್ಕೆ ತಕ್ಕ ಬೆಲೆಯೂ ಬೇಕು.

ಜಗತ್ತಿನ ಕೊಕ್ಕೊದ ಅರ್ಧಕ್ಕಿಂತ ಹೆಚ್ಚು ಪಾಲು ಐವರಿ ಕೋಸ್ಟ್ ಮತ್ತು ಘಾನಾ ಎಂಬ ಎರಡೇ ದೇಶಗಳಿಂದ ಬರುತ್ತದೆ. ಬೆಳೆಯುವವರು ಐವತ್ತು ಲಕ್ಷಕ್ಕೂ ಹೆಚ್ಚು ಸಣ್ಣ ಹಿಡುವಳಿದಾರರು; ಹೆಚ್ಚಿನವರದು ಎರಡರಿಂದ ಐದು ಹೆಕ್ಟೇರ್ ತೋಟ. ಕೊಳ್ಳುವ ತುದಿಯಲ್ಲಿ ಮಾತ್ರ ಬೆರಳೆಣಿಕೆಯ ವ್ಯಾಪಾರ ಸಂಸ್ಥೆಗಳು, ಅರೆಯುವ ಕಾರ್ಖಾನೆಗಳು, ಚಾಕೊಲೇಟ್ ಕಂಪನಿಗಳು. ಚಾಕೊಲೇಟ್ ಪಟ್ಟಿಯ ಅಂಗಡಿ ಬೆಲೆಯಲ್ಲಿ ಬೆಳೆಗಾರನಿಗೆ ಮುಟ್ಟುವುದು ನೂರಕ್ಕೆ ಹತ್ತಕ್ಕಿಂತಲೂ ಕಡಿಮೆ ಎಂದು ಹಲವು ಅಂದಾಜುಗಳಿವೆ.

ಹುಟ್ಟು

ಕೊಕ್ಕೊ ಎಲ್ಲಿಂದ ಬರುತ್ತದೆಂದು ಕಂಪನಿಗಳನ್ನು ಕೇಳುವ ರೂಢಿ ಇಪ್ಪತ್ತನೆಯ ಶತಮಾನದ ಆರಂಭದಷ್ಟು ಹಳೆಯದು. ಪೋರ್ಚುಗಲ್ಲಿನ ಆಳ್ವಿಕೆಯಲ್ಲಿದ್ದ ಸಾವೊ ತೊಮೆ ಮತ್ತು ಪ್ರಿನ್ಸಿಪೆ ದ್ವೀಪಗಳ ತೋಟಗಳಿಗೆ ಅಂಗೋಲಾದಿಂದ ಜನರನ್ನು ಹಿಡಿದು ತಂದು ದುಡಿಸುತ್ತಿದ್ದುದನ್ನು ಬ್ರಿಟಿಷ್ ಪತ್ರಕರ್ತ ಹೆನ್ರಿ ನೆವಿನ್ಸನ್ 1906ರ ಹೊತ್ತಿಗೆ ಬಯಲು ಮಾಡಿದ. ಆ ದ್ವೀಪಗಳ ಬೀಜ ಕೊಳ್ಳುತ್ತಿದ್ದವರಲ್ಲಿ ಕ್ವೇಕರ್ ಪಂಥದ ಕ್ಯಾಡ್ಬರಿ ಕುಟುಂಬವೂ ಇತ್ತು. 1909ರಲ್ಲಿ ಕ್ಯಾಡ್ಬರಿ, ಫ್ರೈ, ರೌನ್‌ಟ್ರೀ ಕಂಪನಿಗಳು ಆ ದ್ವೀಪಗಳ ಕೊಕ್ಕೊವನ್ನು ಬಹಿಷ್ಕರಿಸಿದವು. ವಿಷಯ ತಿಳಿದೂ ವರ್ಷಗಟ್ಟಲೆ ಕೊಂಡರೆಂದು ಬರೆದ ಪತ್ರಿಕೆಯ ಮೇಲೆ ಕ್ಯಾಡ್ಬರಿ ಹೂಡಿದ ಮಾನಹಾನಿ ಮೊಕದ್ದಮೆ ಅದೇ ವರ್ಷ ತೀರ್ಮಾನವಾಯಿತು. ಕಂಪನಿ ಗೆದ್ದಿತು, ಆದರೆ ಪಂಚರು ಕೊಡಿಸಿದ ಪರಿಹಾರ ಒಂದು ಫಾರ್ದಿಂಗ್, ಅಂದರೆ ಪೆನ್ನಿಯ ಕಾಲು ಭಾಗ.

ಬಹಿಷ್ಕಾರದ ನಂತರ ಖರೀದಿ ಗೋಲ್ಡ್ ಕೋಸ್ಟ್, ಅಂದರೆ ಈಗಿನ ಘಾನಾದ ಕಡೆ ತಿರುಗಿತು. ಅಲ್ಲಿ ತೋಟಗಳು ಆಫ್ರಿಕದ ರೈತರ ಸ್ವಂತದ್ದು. ತೆತ್ತೆ ಕ್ವಾರ್ಶಿ ಎಂಬಾತ 1879ರಲ್ಲಿ ಫರ್ನಾಂಡೊ ಪೋ ದ್ವೀಪದಿಂದ ತಂದ ಬೀಜದಿಂದ ಅಲ್ಲಿನ ಬೆಳೆ ಹಬ್ಬಿತೆಂದು ಹೇಳುವುದು ವಾಡಿಕೆ. 1911ರ ಹೊತ್ತಿಗೆ ಆ ವಸಾಹತು ಜಗತ್ತಿನಲ್ಲೇ ಮೊದಲ ಸ್ಥಾನಕ್ಕೇರಿತ್ತು. ಸ್ವಂತ ತೋಟವಿದ್ದ ಮಾತ್ರಕ್ಕೆ ಬೆಲೆ ರೈತರ ಕೈಯಲ್ಲಿರಲಿಲ್ಲ. ಯುರೋಪಿನ ಖರೀದಿ ಸಂಸ್ಥೆಗಳು ಒಳಒಪ್ಪಂದ ಮಾಡಿಕೊಂಡು ದರ ಇಳಿಸಿದಾಗ 1937–38ರಲ್ಲಿ ರೈತರು ಬೀಜ ಮಾರುವುದನ್ನೇ ನಿಲ್ಲಿಸಿದರು. ತಿಂಗಳುಗಟ್ಟಲೆ ನಡೆದ ಈ ಮುಷ್ಕರದ ತನಿಖೆಗೆ ನೊವೆಲ್ ಆಯೋಗ ನೇಮಕವಾಯಿತು, 1947ರಲ್ಲಿ ಸರಕಾರಿ ಕೊಕ್ಕೊ ಮಾರಾಟ ಮಂಡಳಿ ಸ್ಥಾಪನೆಯಾಯಿತು. ಬಹಿಷ್ಕಾರ ಮಾಡಿದ್ದು ಕಂಪನಿಗಳು, ಮುಷ್ಕರ ಮಾಡಿದ್ದು ಬೆಳೆಗಾರರು. ಇಂದಿನ ವ್ಯವಸ್ಥೆಗೆ ಈ ಎರಡೂ ಪೂರ್ವಜರು. ಕಂಪನಿಗಳ ಪ್ರಕಟಣೆಗಳಲ್ಲಿ ಮೊದಲನೆಯದು ಮಾತ್ರ ಕಾಣಿಸಿಕೊಳ್ಳುತ್ತದೆ.

ಆಧುನಿಕ ಗುರುತುಪಟ್ಟಿಯ ಕಾಲ 1988ರಲ್ಲಿ ನೆದರ್ಲೆಂಡ್ಸ್‌ನಲ್ಲಿ, ಮೆಕ್ಸಿಕೊದ ಕಾಫಿಗಾಗಿ ಹುಟ್ಟಿದ ಮ್ಯಾಕ್ಸ್ ಹ್ಯಾವೆಲಾರ್ ಮುದ್ರೆಯಿಂದ ಆರಂಭವಾಯಿತು. ಬ್ರಿಟನ್ನಿನಲ್ಲಿ ಫೇರ್‌ಟ್ರೇಡ್ ಮುದ್ರೆ ಪಡೆದ ಮೊದಲ ವಸ್ತು ಚಾಕೊಲೇಟೇ: 1994ರಲ್ಲಿ ಬಂದ, ಬೆಲೀಜ್ ದೇಶದ ಮಾಯಾ ಜನರ ಕೊಕ್ಕೊ ಬಳಸಿದ ಮಾಯಾ ಗೋಲ್ಡ್. ಪಶ್ಚಿಮ ಆಫ್ರಿಕದ ತೋಟಗಳ ಬಾಲದುಡಿಮೆಯ ವರದಿಗಳು ಅಮೆರಿಕದ ಸಂಸತ್ತನ್ನು ಮುಟ್ಟಿದ ಮೇಲೆ 2001ರಲ್ಲಿ ಹಾರ್ಕಿನ್–ಎಂಗಲ್ ಒಪ್ಪಂದಕ್ಕೆ ಉದ್ಯಮ ಸಹಿ ಹಾಕಿತು. ಅದು ಸ್ವಯಂಪ್ರೇರಿತ ಒಪ್ಪಂದ, ಕಾನೂನಲ್ಲ. ಅದರ ಗಡುವುಗಳು ಮತ್ತೆ ಮತ್ತೆ ಮುಂದಕ್ಕೆ ಹೋದವು.

ವ್ಯವಸ್ಥೆಯ ರಚನೆ

ಬೀಜ ಬೆಳೆಗಾರನಿಂದ ಹಳ್ಳಿಯ ಖರೀದಿದಾರ ಅಥವಾ ಸಹಕಾರ ಸಂಘಕ್ಕೆ, ಅಲ್ಲಿಂದ ರಫ್ತುದಾರನಿಗೆ, ಅರೆಯುವ ಕಾರ್ಖಾನೆಗೆ, ಕೊನೆಗೆ ಚಾಕೊಲೇಟ್ ತಯಾರಕನಿಗೆ ಹೋಗುತ್ತದೆ. ಸುಸ್ಥಿರ ಖರೀದಿಯಲ್ಲಿ ಈ ಸರಪಳಿಯ ಜೊತೆಗೆ ಇನ್ನೂ ಮೂರು ಕೆಲಸ ಸೇರುತ್ತವೆ. ಒಂದು, ತೋಟದ ಗಡಿಯನ್ನು ಉಪಗ್ರಹ ಆಧಾರಿತ ಸ್ಥಾನಸೂಚಿಯಿಂದ ಗುರುತಿಸಿ ಅದು ಸಂರಕ್ಷಿತ ಅರಣ್ಯದೊಳಗಿಲ್ಲ ಎಂದು ನೋಡುವುದು. ಎರಡು, ಸಂಘದ ಮಟ್ಟದಲ್ಲಿ ಒಳತಪಾಸಣೆ, ಅದರ ಮೇಲೆ ಹೊರಗಿನ ಲೆಕ್ಕಪರಿಶೋಧನೆ. ಮೂರನೆಯದು ಬಾಲದುಡಿಮೆಯ ನಿಗಾ. ಹಳ್ಳಿಯವರೇ ಆದ ಕಾರ್ಯಕರ್ತರು ಮನೆಮನೆಗೆ ಹೋಗಿ, ಅಪಾಯದ ಕೆಲಸದಲ್ಲಿರುವ ಮಕ್ಕಳನ್ನು ಗುರುತಿಸಿ, ಶಾಲೆಗೆ ಸೇರಿಸಲು ಬೇಕಾದ ಜನನ ಪತ್ರ, ಪುಸ್ತಕ ಒದಗಿಸುತ್ತಾರೆ.

ಮೂಲಪತ್ತೆಗೆ ಹಂತಗಳಿವೆ. ಒಂದೇ ಮೂಲದ ಬೀಜವನ್ನು ಕೊನೆಯವರೆಗೂ ಬೇರೆಯಾಗಿಯೇ ಇಡುವುದು ಕಟ್ಟುನಿಟ್ಟಾದ ಹಂತ. ಪ್ರಮಾಣಿತ ಬೀಜಗಳನ್ನೆಲ್ಲ ಒಟ್ಟು ಸೇರಿಸಿ, ಅಪ್ರಮಾಣಿತ ಬೀಜದಿಂದ ದೂರ ಇಡುವುದು ಎರಡನೆಯದು. ಹೆಚ್ಚು ರೂಢಿಯಲ್ಲಿರುವುದು ಮೂರನೆಯದಾದ ತೂಕ-ಸಮತೋಲನ ಪದ್ಧತಿ. ಇದರಲ್ಲಿ ಎರಡೂ ಬಗೆಯ ಬೀಜ ಬೆರೆಯಬಹುದು. ಕಂಪನಿ ಎಷ್ಟು ಟನ್ ಪ್ರಮಾಣಿತ ಬೀಜ ಕೊಂಡಿದೆಯೋ ಅಷ್ಟಕ್ಕೆ ಸಮನಾದ ಸರಕಿನ ಮೇಲೆ ಮಾತ್ರ ಮುದ್ರೆ ಹಾಕುತ್ತದೆ. ಹಾಗಾಗಿ ಮುದ್ರೆಯಿರುವ ಚಾಕೊಲೇಟಿನೊಳಗಿನ ಬೀಜ ಪ್ರಮಾಣಿತ ತೋಟದ್ದೇ ಆಗಿರಬೇಕಾಗಿಲ್ಲ. ಬೆಳೆಗಾರನಿಗೆ ಅಧಿಕಧನ ಮುಟ್ಟುವುದರಿಂದ ಪದ್ಧತಿ ಉಪಯುಕ್ತವೇ, ಆದರೆ ಮುದ್ರೆ ನೋಡಿ ಕೊಳ್ಳುವವರಿಗೆ ಇದು ತಿಳಿದಿರುವುದಿಲ್ಲ.

ಬಗೆಗಳು

ಮೂರನೆಯವರ ಪ್ರಮಾಣೀಕರಣ: ಫೇರ್‌ಟ್ರೇಡ್ ಮತ್ತು ರೈನ್‌ಫಾರೆಸ್ಟ್ ಅಲಯನ್ಸ್ ಇದರಲ್ಲಿ ಪ್ರಮುಖ. 2002ರ ಸುಮಾರಿಗೆ ಕಾಫಿಯಿಂದ ಆರಂಭವಾದ ಉಟ್ಜ್ ಎಂಬ ಪದ್ಧತಿ 2018ರಲ್ಲಿ ಎರಡನೆಯದರೊಂದಿಗೆ ವಿಲೀನವಾಯಿತು. ಫೇರ್‌ಟ್ರೇಡ್‌ಗೂ ರೈನ್‌ಫಾರೆಸ್ಟ್ ಅಲಯನ್ಸ್‌ಗೂ ಇರುವ ವ್ಯತ್ಯಾಸ ಬೆಲೆಯಲ್ಲಿದೆ. ಫೇರ್‌ಟ್ರೇಡ್ ಕನಿಷ್ಠ ಬೆಲೆ ಗೊತ್ತುಪಡಿಸುತ್ತದೆ. 2019ರ ಅಕ್ಟೋಬರಿನಿಂದ ಅದು ಟನ್ನಿಗೆ 2,400 ಡಾಲರ್, ಅದರ ಮೇಲೆ 240 ಡಾಲರ್ ಅಧಿಕಧನ ಎಂದಾಯಿತು. ಅಧಿಕಧನವನ್ನು ಹೇಗೆ ಬಳಸಬೇಕೆಂದು ಸಂಘದ ಸದಸ್ಯರೇ ಸಭೆಯಲ್ಲಿ ತೀರ್ಮಾನಿಸುತ್ತಾರೆ. ರೈನ್‌ಫಾರೆಸ್ಟ್ ಅಲಯನ್ಸ್‌ನಲ್ಲಿ ಕನಿಷ್ಠ ಬೆಲೆ ಇಲ್ಲ, ಟನ್ನಿಗೆ 70 ಡಾಲರಿಗೆ ಕಡಿಮೆಯಿಲ್ಲದ ಹೆಚ್ಚುವರಿ ಪಾವತಿ ಮಾತ್ರ ಕಡ್ಡಾಯ.

ಕಂಪನಿಗಳ ಸ್ವಂತ ಯೋಜನೆ: ನೆಸ್ಲೆ 2009ರಲ್ಲಿ ಕೊಕ್ಕೊ ಪ್ಲ್ಯಾನ್ ಆರಂಭಿಸಿತು. ಕ್ಯಾಡ್ಬರಿಯನ್ನು ಕೊಂಡು, ನಂತರ ಹೆಸರು ಬದಲಿಸಿಕೊಂಡ ಮಾಂಡಲೀಜ್ 2012ರಲ್ಲಿ ಕೊಕ್ಕೊ ಲೈಫ್ ಆರಂಭಿಸಿತು, ಅದರ ವ್ಯಾಪ್ತಿಯಲ್ಲಿ ಭಾರತವೂ ಇದೆ. ಅರೆಯುವ ಕಂಪನಿಗಳಲ್ಲಿ ದೊಡ್ಡದಾದ ಬ್ಯಾರಿ ಕ್ಯಾಲೆಬೋ 2016ರಲ್ಲಿ ತನ್ನ ಯೋಜನೆ ಪ್ರಕಟಿಸಿತು. ಸಸಿ ಹಂಚಿಕೆ, ಸವರುವ ತರಬೇತಿ, ಶಾಲಾ ಕಟ್ಟಡ, ಹಳ್ಳಿಯ ಉಳಿತಾಯ ಗುಂಪುಗಳು ಇವುಗಳ ಸಾಮಾನ್ಯ ಅಂಗ. ಇಲ್ಲಿ ನಿಯಮ ಮಾಡುವವನೂ ವರದಿ ಕೊಡುವವನೂ ಕೊಳ್ಳುವವನೇ ಆಗಿರುವುದು ಮೊದಲ ಬಗೆಗಿಂತ ಮುಖ್ಯ ಭೇದ.

ಬೆಳೆಗಾರರ ಒಡೆತನ: ಘಾನಾದಲ್ಲಿ 1993ರಲ್ಲಿ ಸ್ಥಾಪನೆಯಾದ ಕುವಾಪಾ ಕೊಕೂ ಎಂಬ ಸಹಕಾರ ಸಂಘ, 1998ರಲ್ಲಿ ಬ್ರಿಟನ್ನಿನಲ್ಲಿ ಆರಂಭವಾದ, ಮುಂದೆ ಡಿವೈನ್ ಎಂದು ಹೆಸರಾದ ಚಾಕೊಲೇಟ್ ಕಂಪನಿಯಲ್ಲಿ ನೂರಕ್ಕೆ 45ರಷ್ಟು ಪಾಲು ಹೊಂದಿತ್ತು. ನಂತರ ಆ ಪಾಲು ಕುಗ್ಗಿದೆ. ಭಾರತದ ಕ್ಯಾಂಪ್ಕೊ ಇದೇ ಬಗೆಗೆ ಸೇರಿದ್ದು, ಮತ್ತು ಕುವಾಪಾ ಕೊಕೂಗಿಂತ ಹಳೆಯದು.

ಸರಕಾರಗಳ ಬೆಲೆ ಕ್ರಮ: ಘಾನಾ ಮತ್ತು ಐವರಿ ಕೋಸ್ಟ್‌ಗಳಲ್ಲಿ ತೋಟದ ಬಾಗಿಲ ಬೆಲೆಯನ್ನು ಪ್ರತಿ ಹಂಗಾಮಿಗೆ ಸರಕಾರವೇ ಪ್ರಕಟಿಸುತ್ತದೆ. ಎರಡೂ ದೇಶಗಳು 2019ರಲ್ಲಿ ಒಂದಾಗಿ, 2020–21ರ ಹಂಗಾಮಿನಿಂದ ಪ್ರತಿ ಟನ್ನಿಗೆ 400 ಡಾಲರ್ ಜೀವನಯೋಗ್ಯ ಆದಾಯ ವ್ಯತ್ಯಾಸಧನವನ್ನು ಕೊಳ್ಳುವವರ ಮೇಲೆ ವಿಧಿಸಿದವು.

ಬೆಳೆಗಾರರಿಗೆ ಆದ ಪ್ರಯೋಜನ

ಅಧಿಕಧನದಿಂದ ಕೊಳವೆಬಾವಿ, ಶಾಲಾ ಕೊಠಡಿ, ಸಂಘದ ಗೋದಾಮು, ತೂಕದ ಯಂತ್ರ ಬಂದಿರುವುದು ಪಶ್ಚಿಮ ಆಫ್ರಿಕದ ಅನೇಕ ಹಳ್ಳಿಗಳಲ್ಲಿ ಕಾಣುವ ಫಲ. ತೂಕದ ಯಂತ್ರ ಸಣ್ಣ ಸಂಗತಿಯಲ್ಲ. ಖರೀದಿದಾರನ ತಕ್ಕಡಿಯನ್ನೇ ನಂಬಬೇಕಾದ ಕಡೆ ಬೆಳೆಗಾರ ಪ್ರತಿ ಚೀಲದಲ್ಲೂ ಕಳೆದುಕೊಳ್ಳುತ್ತಿದ್ದ. ಕುವಾಪಾ ಕೊಕೂ ಸದಸ್ಯರಲ್ಲಿ ವಿಶ್ವಾಸ ಗಳಿಸಿದ್ದೇ ಸರಿಯಾದ ತೂಕದಿಂದ.

ನಮ್ಮ ಸ್ವಸಹಾಯ ಸಂಘಗಳನ್ನು ಹೋಲುವ ಹಳ್ಳಿ ಉಳಿತಾಯ ಗುಂಪುಗಳಲ್ಲಿ ಮಹಿಳೆಯರೇ ಹೆಚ್ಚು. ತೋಟ ಗಂಡಸಿನ ಹೆಸರಿನಲ್ಲಿರುವಲ್ಲಿ ಕಾಯಿ ಒಡೆಯುವುದು, ಬೀಜ ಹೊರುವುದು, ಒಣಗಿಸುವುದು ಹೆಂಗಸರ ಪಾಲಿಗೆ. ಹಣ ಮಾತ್ರ ಅವರ ಕೈಗೆ ಬರುತ್ತಿರಲಿಲ್ಲ. ನೆಸ್ಲೆ 2022ರಲ್ಲಿ ಪ್ರಕಟಿಸಿದ ಆದಾಯ ವೃದ್ಧಿ ಯೋಜನೆ ಇದನ್ನು ಗಮನಿಸಿದೆ. ಮಕ್ಕಳನ್ನು ಶಾಲೆಗೆ ಕಳುಹಿಸುವುದು, ಮರ ಸವರುವುದು, ತೋಟದಲ್ಲಿ ನೆರಳಿನ ಮರ ಬೆಳೆಸುವುದು, ಕೋಳಿ ಅಥವಾ ಮರಗೆಣಸಿನಂಥ ಉಪಕಸುಬು ಹೂಡುವುದು – ಇವಕ್ಕೆ ಕುಟುಂಬವೊಂದಕ್ಕೆ ಮೊದಲ ಎರಡು ವರ್ಷ ವಾರ್ಷಿಕ 500 ಸ್ವಿಸ್ ಫ್ರಾಂಕ್‌ವರೆಗೆ, ನಂತರ 250 ಫ್ರಾಂಕ್ ಸಿಗುತ್ತದೆ. ಹಣ ಮೊಬೈಲ್ ಮೂಲಕ ಗಂಡ ಹೆಂಡಿರಿಬ್ಬರಿಗೂ ಹಂಚಿ ಹೋಗುತ್ತದೆ. ಎಷ್ಟು ಬೀಜ ಮಾರಿದರು ಎಂಬುದರ ಮೇಲೆ ಈ ಪಾವತಿ ನಿಂತಿಲ್ಲವಾದ್ದರಿಂದ ಅರ್ಧ ಹೆಕ್ಟೇರಿನವನಿಗೂ ಅದು ಅಷ್ಟೇ ಸಿಗುತ್ತದೆ.

ಕರಾವಳಿ ಕರ್ನಾಟಕ ಮತ್ತು ಕ್ಯಾಂಪ್ಕೊ

ಭಾರತದಲ್ಲಿ ವಾಣಿಜ್ಯ ಬೆಳೆಯಾಗಿ ಕೊಕ್ಕೊ ನೆಲೆಯೂರಿದ್ದು 1960ರ ದಶಕದಲ್ಲಿ. ಕ್ಯಾಡ್ಬರಿ 1965ರಲ್ಲಿ ವಯನಾಡಿನ ಚುಂಡೇಲ್‌ನಲ್ಲಿ ಪ್ರಾತ್ಯಕ್ಷಿಕೆ ತೋಟ ಆರಂಭಿಸಿ, ಸಸಿ ಮತ್ತು ಸಲಹೆ ಹಂಚಿತು. ಕೇರಳ, ದಕ್ಷಿಣ ಕನ್ನಡದ ತೋಟಿಗರಿಗೆ ಬೆಳೆ ಒಗ್ಗಿತು, ಏಕೆಂದರೆ ಅದಕ್ಕೆ ಹೊಸ ನೆಲ ಬೇಕಿರಲಿಲ್ಲ. 2.7 ಮೀಟರ್ ಅಂತರದ ಅಡಿಕೆ ತೋಟದಲ್ಲಿ ಎರಡು ಸಾಲಿಗೊಮ್ಮೆ ಕೊಕ್ಕೊ ನೆಡಬಹುದೆಂದು ವಿಟ್ಲದ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರದ ಪ್ರಯೋಗಗಳು ತೋರಿಸಿದವು. ಅಡಿಕೆಯ ನೆರಳು ಕೊಕ್ಕೊಗೆ, ಕೊಕ್ಕೊದ ಉದುರೆಲೆ ಅಡಿಕೆಯ ಬುಡಕ್ಕೆ. ಆಫ್ರಿಕದಲ್ಲಿ ಕಾಡು ಸವರಿ ನೆಟ್ಟ ಬೆಳೆ ಇಲ್ಲಿ ಇದ್ದ ತೋಟದೊಳಗೇ ಜಾಗ ಮಾಡಿಕೊಂಡದ್ದು ಭಾರತದ ಕೊಕ್ಕೊದ ದೊಡ್ಡ ವಿಶೇಷ.

1970ರ ದಶಕದಲ್ಲಿ ಬೆಲೆ ಚೆನ್ನಾಗಿದ್ದಾಗ ನೆಟ್ಟ ಮರಗಳು ಫಲಕ್ಕೆ ಬರುವ ಹೊತ್ತಿಗೆ, 1980ರ ಆಸುಪಾಸಿನಲ್ಲಿ, ಜಾಗತಿಕ ದರ ಇಳಿಯಿತು. ದೇಶದೊಳಗೆ ಕೊಳ್ಳುವವರೂ ಒಬ್ಬಿಬ್ಬರೇ ಇದ್ದುದರಿಂದ ಖರೀದಿ ಕುಗ್ಗಿತು. ಹಸಿ ಬೀಜ ಕಾಯುವ ಸರಕಲ್ಲ. ಕಾಯಿ ಒಡೆದ ಮೇಲೆ ಹುದುಗತೊಡಗುತ್ತದೆ. ಸುರಿವ ಮಳೆಯಲ್ಲಿ ಅದನ್ನು ಅಂಗಳದಲ್ಲಿ ಒಣಗಿಸಲಾಗದು. ಕೊಳ್ಳುವವರಿಲ್ಲದೆ ಅನೇಕರು ಮರಗಳನ್ನೇ ಕಡಿದರು.

ಆಗ ಖರೀದಿಗೆ ಇಳಿದದ್ದು ಕ್ಯಾಂಪ್ಕೊ. ಅಡಿಕೆ ಬೆಲೆ ಕುಸಿತದ ಹಿನ್ನೆಲೆಯಲ್ಲಿ 1973ರಲ್ಲಿ ಮಂಗಳೂರಿನಲ್ಲಿ, ಕರ್ನಾಟಕ ಮತ್ತು ಕೇರಳ ಎರಡೂ ರಾಜ್ಯಗಳ ಬೆಳೆಗಾರರಿಗಾಗಿ ಹುಟ್ಟಿದ ಸಹಕಾರ ಸಂಘವಿದು. ವಾರಣಾಶಿ ಸುಬ್ರಾಯ ಭಟ್ಟರು ಸ್ಥಾಪಕ ಅಧ್ಯಕ್ಷರು. ತನ್ನದಲ್ಲದ ಬೆಳೆಯನ್ನು ಕೈಗೆತ್ತಿಕೊಂಡು, ಬೆಳೆಗಾರರಿಂದ ಹಸಿ ಬೀಜವನ್ನೇ ಕೊಂಡು, ಹುದುಗಿಸಿ ಒಣಗಿಸಿ ರಫ್ತು ಮಾಡಿತು. ರಫ್ತಿನ ದರವೂ ನೆಚ್ಚುವಂತಿರಲಿಲ್ಲ. ಬೀಜವನ್ನು ಇಲ್ಲೇ ಚಾಕೊಲೇಟ್ ಮಾಡುವುದೇ ದಾರಿ ಎಂದು ನಿರ್ಧರಿಸಿ ಪುತ್ತೂರಿನ ಕೆಮ್ಮಿಂಜೆಯಲ್ಲಿ ಕಾರ್ಖಾನೆ ಕಟ್ಟಿತು. 1986ರಲ್ಲಿ ರಾಷ್ಟ್ರಪತಿ ಗ್ಯಾನಿ ಜೈಲ್ ಸಿಂಗ್ ಅದನ್ನು ಉದ್ಘಾಟಿಸಿದರು. ಕ್ಯಾಂಪ್ಕೊ ಬಾರ್, ಮೆಲ್ಟೊ, ಟರ್ಬೊ, ಪೇಯದ ಪುಡಿಯಾದ ವಿನ್ನರ್ ಅಲ್ಲಿಯ ತಯಾರಿಕೆಗಳು. ಬೇರೆ ಕಂಪನಿಗಳಿಗೆ ಕೊಕ್ಕೊ ಬೆಣ್ಣೆ, ಪುಡಿಯನ್ನೂ ಒದಗಿಸುತ್ತದೆ.

ಮೇಲೆ ಹೇಳಿದ ಯಾವ ಮುದ್ರೆಯೂ ಹುಟ್ಟುವ ಮೊದಲೇ ಪುತ್ತೂರಿನಲ್ಲಿ ಸುಸ್ಥಿರ ಖರೀದಿಯ ತಿರುಳು ಜಾರಿಯಲ್ಲಿತ್ತು. ಕೊಳ್ಳುವ ಸಂಸ್ಥೆಯ ಒಡೆಯರು ಬೆಳೆಗಾರರೇ, ದರ ಬಹಿರಂಗ, ಹುದುಗಿಸುವ ಒಣಗಿಸುವ ಹೊರೆ ಸಂಘದ್ದು, ದರ ಬಿದ್ದ ವರ್ಷವೂ ಖರೀದಿ ನಿಲ್ಲುವುದಿಲ್ಲ. ಈ ಕೊನೆಯದೇ ಬೆಳೆಗಾರನಿಗೆ ಎಲ್ಲಕ್ಕಿಂತ ದೊಡ್ಡ ಲಾಭ. ಅಡಿಕೆಗೆ ಕೊಳೆರೋಗ ತಗಲಿದ ವರ್ಷ ಮನೆಖರ್ಚಿಗೆ ಒದಗಿದ್ದು ಕೊಕ್ಕೊದ ದುಡ್ಡು. ಆದರೆ ಅಳಿಲು, ಇಲಿ, ಮಂಗಗಳ ಕಾಟ, ಗೆಲ್ಲು ಸವರಲು ಆಳಿನ ಅಭಾವ, ಅಡಿಕೆಯ ಬೆಲೆ ಏರಿದಾಗ ಉಪಬೆಳೆಯ ಮೇಲಿನ ಉದಾಸೀನ ಇವುಗಳಿಂದ ಕರಾವಳಿಯಲ್ಲಿ ಬೆಳೆ ಹಬ್ಬಲಿಲ್ಲ. ಇಂದು ದೇಶದಲ್ಲಿ ಮೊದಲ ಸ್ಥಾನ ಆಂಧ್ರಪ್ರದೇಶದ್ದು. ಗೋದಾವರಿ ಸೀಮೆಯ ತೆಂಗು ಮತ್ತು ತಾಳೆ ತೋಟಗಳಲ್ಲಿ ಅದು ಬೆಳೆದಿದೆ. ಕೇರಳ, ಕರ್ನಾಟಕ, ತಮಿಳುನಾಡು ಉಳಿದ ರಾಜ್ಯಗಳು. ಒಟ್ಟು ಸುಮಾರು 1 ಲಕ್ಷ ಹೆಕ್ಟೇರಿನಲ್ಲಿ ವರ್ಷಕ್ಕೆ 30 ಸಾವಿರ ಟನ್ನಿನ ಆಸುಪಾಸು ಒಣ ಬೀಜ ಬರುತ್ತದೆ. ಬೇಡಿಕೆಯ ಬಹುಪಾಲು ಆಮದಿನಿಂದ ತುಂಬುತ್ತದೆ.

ಕಳೆದ ದಶಕದಲ್ಲಿ ಇನ್ನೊಂದು ಸಣ್ಣ ಧಾರೆ ಸೇರಿದೆ. ಮೈಸೂರಿನ ನವಿಲುನ, ಆರೋವಿಲ್‌ನ ಮೇಸನ್ ಆ್ಯಂಡ್ ಕೋ, ಕೊಚ್ಚಿಯ ಪಾಲ್ ಆ್ಯಂಡ್ ಮೈಕ್ ಮೊದಲಾದ ತಯಾರಕರು ಭಾರತದ ತೋಟಗಳ ಬೀಜದಿಂದಲೇ ಚಾಕೊಲೇಟ್ ಮಾಡುತ್ತಾರೆ. ಪ್ರಮಾಣ ಅಲ್ಪ. ಆದರೆ ಚೆನ್ನಾಗಿ ಹುದುಗಿಸಿದ ಬೀಜಕ್ಕೆ ಬೇರೆಯೇ ಬೆಲೆ ಇದೆ ಎಂಬುದು ಇಲ್ಲಿನ ಬೆಳೆಗಾರರಿಗೆ ಇವರಿಂದ ಕಂಡಿತು.

ಕೊರತೆಗಳು

ಶಿಕಾಗೊ ವಿಶ್ವವಿದ್ಯಾಲಯದ ಸಂಶೋಧನಾ ಸಂಸ್ಥೆಯೊಂದು 2020ರಲ್ಲಿ ಪ್ರಕಟಿಸಿದ ಸಮೀಕ್ಷೆ ಐವರಿ ಕೋಸ್ಟ್ ಮತ್ತು ಘಾನಾದ ಕೊಕ್ಕೊ ಪ್ರದೇಶಗಳಲ್ಲಿ 15.6 ಲಕ್ಷ ಮಕ್ಕಳು ಬಾಲದುಡಿಮೆಯಲ್ಲಿದ್ದಾರೆಂದು ಅಂದಾಜಿಸಿತು. ಹಾರ್ಕಿನ್–ಎಂಗಲ್ ಒಪ್ಪಂದಕ್ಕೆ ಆಗ ಹತ್ತೊಂಬತ್ತು ವರ್ಷ ತುಂಬಿತ್ತು. ಇವರಲ್ಲಿ ಹೆಚ್ಚಿನವರು ಹೆತ್ತವರ ತೋಟದಲ್ಲೇ ಕತ್ತಿ ಹಿಡಿಯುವ, ಭಾರ ಹೊರುವ ಮಕ್ಕಳು. ಆಳಿಗೆ ಕೂಲಿ ಕೊಡಲಾಗದ ತಂದೆ ಮಗನನ್ನು ಕರೆಯುತ್ತಾನೆ. ಆದಾಯ ಏರದೆ ತಪಾಸಣೆ ಒಂದರಿಂದಲೇ ಇದು ನಿಲ್ಲದು.

ಬೆಲೆಯ ಕ್ರಮಗಳಿಗೂ ಸೋರಿಕೆ ಇದೆ. 400 ಡಾಲರಿನ ವ್ಯತ್ಯಾಸಧನ ಜಾರಿಯಾದ ಮೇಲೆ, ಆ ದೇಶಗಳ ಬೀಜದ ಗುಣಮಟ್ಟಕ್ಕೆ ಹಿಂದಿನಿಂದ ಸಿಗುತ್ತಿದ್ದ ಹೆಚ್ಚುವರಿ ದರ ಮಾರುಕಟ್ಟೆಯಲ್ಲಿ ಇಳಿದು, ಕೆಲಕಾಲ ಸೊನ್ನೆಗಿಂತಲೂ ಕೆಳಗೆ ಹೋಯಿತು. ಒಂದು ಕೈಯಲ್ಲಿ ಬಂದದ್ದು ಇನ್ನೊಂದರಲ್ಲಿ ಹೋಯಿತು. ಪ್ರಮಾಣೀಕರಣದ ಖರ್ಚು, ದಾಖಲೆಯ ಕೆಲಸ ಸಂಘದ ಮೇಲೆ ಬೀಳುತ್ತದೆ. ಪ್ರಮಾಣಿತವಾಗಿ ಬೆಳೆದ ಬೀಜದ ಒಂದು ಭಾಗವಷ್ಟೇ ಪ್ರಮಾಣಿತ ದರಕ್ಕೆ ಮಾರಾಟವಾಗುತ್ತದೆ, ಉಳಿದದ್ದು ಸಾಮಾನ್ಯ ದರಕ್ಕೇ. ಸಂಘಕ್ಕೆ ಸೇರದ ಬೆಳೆಗಾರರು ಎಲ್ಲ ಯೋಜನೆಗಳ ಹೊರಗೇ ಉಳಿಯುತ್ತಾರೆ.

ಈಗಿನ ಸ್ಥಿತಿ

2023–24ರ ಹಂಗಾಮಿನಲ್ಲಿ ಅತಿಮಳೆ, ಕಾಯಿಕೊಳೆ, ರೆಂಬೆ ಊದುವ ನಂಜುರೋಗ ಮತ್ತು ಮುದಿ ಮರಗಳಿಂದಾಗಿ ಪಶ್ಚಿಮ ಆಫ್ರಿಕದ ಬೆಳೆ ತೀವ್ರವಾಗಿ ಕುಸಿಯಿತು. ವರ್ಷಗಟ್ಟಲೆ ಟನ್ನಿಗೆ ಎರಡು ಮೂರು ಸಾವಿರ ಡಾಲರಿನ ನಡುವೆ ಇದ್ದ ದರ 2024ರ ಮಾರ್ಚಿನಲ್ಲಿ 10,000 ದಾಟಿ, ಡಿಸೆಂಬರಿನಲ್ಲಿ 12,000ಕ್ಕೂ ಮೇಲೆ ಹೋಯಿತು. ಅಲ್ಲಿನ ಸರಕಾರಿ ಮಾರಾಟ ಮಂಡಳಿಗಳು ಬೆಳೆಯನ್ನು ಹಿಂದಿನ ವರ್ಷವೇ ಮುಂಗಡ ದರಕ್ಕೆ ಮಾರಿದ್ದರಿಂದ ಆಫ್ರಿಕದ ಬೆಳೆಗಾರನಿಗೆ ಏರಿಕೆ ತಡವಾಗಿ, ಭಾಗಶಃ ಮುಟ್ಟಿತು. ಐವರಿ ಕೋಸ್ಟ್‌ನಲ್ಲಿ ಕಿಲೋಗೆ 1,000 ಸಿಎಫ್‌ಎ ಫ್ರಾಂಕ್ ಇದ್ದ ಅಧಿಕೃತ ದರ 2024ರ ಅಕ್ಟೋಬರಿನಲ್ಲಿ 1,800, 2025ರ ಅಕ್ಟೋಬರಿನಲ್ಲಿ 2,800 ಆಯಿತು. ಅಷ್ಟರಲ್ಲಿ ಜಾಗತಿಕ ದರ ಶಿಖರದಿಂದ ಸುಮಾರು ಅರ್ಧಕ್ಕೆ ಇಳಿದಿತ್ತು. ಭಾರತದಲ್ಲಿ ಮುಂಗಡ ಮಾರಾಟದ ಪದ್ಧತಿ ಇಲ್ಲದ ಕಾರಣ ಏರಿಕೆ ಕೂಡಲೇ ತೋಟಕ್ಕೆ ಬಂತು. 2024ರ ಬೇಸಿಗೆಯಲ್ಲಿ ಹಸಿ ಬೀಜದ ದರ ಕಿಲೋಗೆ 300 ರೂಪಾಯಿಯ ಆಸುಪಾಸು ಮುಟ್ಟಿತ್ತು. ಇಳಿಕೆಯೂ ಹಾಗೆಯೇ ನೇರವಾಗಿ ಬಂತು.

ಸ್ವಯಂಪ್ರೇರಿತ ಒಪ್ಪಂದಗಳ ಜಾಗಕ್ಕೆ ಕಾನೂನು ಬರುತ್ತಿರುವುದು ಇತ್ತೀಚಿನ ಮುಖ್ಯ ಬದಲಾವಣೆ. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ನೆಲದಲ್ಲಿ ಬೆಳೆದ ಕೊಕ್ಕೊ, ಕಾಫಿ, ರಬ್ಬರ್, ತಾಳೆ ಎಣ್ಣೆ ಮುಂತಾದವನ್ನು ತನ್ನ ಮಾರುಕಟ್ಟೆಗೆ ಬಿಡದ ನಿಯಮವನ್ನು ಐರೋಪ್ಯ ಒಕ್ಕೂಟ 2023ರಲ್ಲಿ ಅಂಗೀಕರಿಸಿತು. ಅದರ ಜಾರಿ ಒಂದಕ್ಕಿಂತ ಹೆಚ್ಚು ಸಲ ಮುಂದೂಡಲ್ಪಟ್ಟಿದೆ. ಪ್ರತಿ ತೋಟದ ಸ್ಥಾನಸೂಚಿ ದಾಖಲೆ ಇದರಡಿ ಕಡ್ಡಾಯ. ಕೊಡಗು, ಚಿಕ್ಕಮಗಳೂರು, ಹಾಸನದ ಕಾಫಿ ಬಹಳಷ್ಟು ಯುರೋಪಿಗೇ ಹೋಗುವುದರಿಂದ ಕಾಫಿ ಮಂಡಳಿ ಬೆಳೆಗಾರರ ನೋಂದಣಿಗೆ ಕ್ರಮ ಕೈಗೊಂಡಿದೆ. ಕರ್ನಾಟಕದ ಕೊಕ್ಕೊ ಹೆಚ್ಚಾಗಿ ದೇಶದೊಳಗೇ ಬಳಕೆಯಾಗುತ್ತದೆ, ಅದರ ಮೇಲೆ ಈ ನಿಯಮದ ನೇರ ಹೊರೆ ಇಲ್ಲ.